ಸದ್ದು ಬೇಕೋ, ಸ್ಪಷ್ಟತೆ ಬೇಕೋ?

ಕಾರು ಮನೆಗೆ ಬಂದ ಮೊದಲ ಒಂದೆರಡು ತಿಂಗಳು ಅದರ ಸ್ಟೀರಿಯೊ ಬಗ್ಗೆ ಯಾರೂ ದೂರುವುದಿಲ್ಲ. ಬಣ್ಣ, ಮೈಲೇಜು, ಎ.ಸಿ.ಯ ತಂಪು, ಇವುಗಳ ಮಾತೇ ಮುಗಿಯುವುದಿಲ್ಲ. ಆ ಸಂಭ್ರಮ ಸ್ವಲ್ಪ ಇಳಿದ ಮೇಲೆ ಒಂದು ದಿನ ನೀವು ಕಲಬುರಗಿಯಿಂದ ಕಮಲಾಪುರದ ಕಡೆಗೆ ಹೊರಡುತ್ತೀರಿ. ಗಾಜು ಏರಿಸಿ ಕುರ್‌ಆನ್ ಪಾರಾಯಣವನ್ನೋ, ಒಂದು ಪ್ರವಚನವನ್ನೋ, ಹಳೆಯ ಗಜಲನ್ನೋ ಹಾಕುತ್ತೀರಿ. ಧ್ವನಿಯೇನೋ ಬರುತ್ತದೆ. ಆದರೆ ಯಾರೋ ಕಂಬಳಿ ಹೊದ್ದುಕೊಂಡು ಒಳಗಿನಿಂದ ಮಾತಾಡಿದಂತೆ ಬರುತ್ತದೆ. ವಾಲ್ಯೂಮ್ ಹೆಚ್ಚಿಸಿದರೆ ಬಾಗಿಲು ಗರಗರ ಎನ್ನುತ್ತದೆಯೇ ಹೊರತು ಮಾತು ತಿಳಿಯಾಗುವುದಿಲ್ಲ.

ಆಗ ಹುಟ್ಟುವುದೇ 'ಸ್ಟೀರಿಯೊ ಚೇಂಜ್ ಮಾಡಿಸಬೇಕು' ಎಂಬ ಆಸೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಆಸೆ ಹೊತ್ತು ಅಂಗಡಿಗೆ ಹೋದ ಅನೇಕರು ಹಿಂತಿರುಗುವುದು ಡಿಕ್ಕಿಯಲ್ಲಿ ಒಂದು ದೊಡ್ಡ ವೂಫರ್ ಡಬ್ಬ ಇರಿಸಿಕೊಂಡು. ಜೇಬಿನಲ್ಲಿದ್ದ ಸಾವಿರಾರು ರೂಪಾಯಿ ಹೋಗಿರುತ್ತದೆ. ಮಕ್ಕಳ ಬ್ಯಾಗು, ಊಟದ ಬುತ್ತಿ ಇಡಲು ಡಿಕ್ಕಿಯಲ್ಲಿ ಜಾಗ ಉಳಿದಿರುವುದಿಲ್ಲ. ಮಾತಿನ ಮಸುಕು ಮಾತ್ರ ಹಾಗೆಯೇ ಇರುತ್ತದೆ. ನಮ್ಮ ಗಾಜಿಪುರದ ಗಲ್ಲಿಯಲ್ಲಿ ಅಂತಹ ಕಾರು ಹಾದುಹೋದರೆ ಮನೆಗಳ ಕಿಟಕಿ ನಡುಗುತ್ತದೆ. ಒಳಗೆ ಹಾಡುತ್ತಿರುವುದು ಏನೆಂದು ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ.

ಇದಕ್ಕೆ ಕಾರಣ ಸರಳ. ವೂಫರ್ ನುಡಿಸುವುದು ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳನ್ನು. ಗಂಡಸರ ಮಾತಿನ ಮೂಲಸ್ವರವೇ 100 ಹರ್ಟ್ಸ್ ಆಸುಪಾಸಿನಲ್ಲಿದೆ, ಹೆಂಗಸರದ್ದು 200ರ ಆಸುಪಾಸು. ಒಂದು ಅಕ್ಷರವನ್ನು ಇನ್ನೊಂದರಿಂದ ಬೇರ್ಪಡಿಸುವ ಸೂಕ್ಷ್ಮಗಳಂತೂ ಹೆಚ್ಚಾಗಿ 1000 ಹರ್ಟ್ಸ್‌ನ ಮೇಲಿವೆ. 'ಸ'ಕಾರದಂತಹ ಧ್ವನಿಗಳ ಜೀವ ಇರುವುದು 4000ದಿಂದ 8000 ಹರ್ಟ್ಸ್‌ವರೆಗೆ. ಮದ್ರಸದಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವವರಿಗೆ ಇದು ಅಂಕಿಗಳಿಲ್ಲದೆಯೇ ಗೊತ್ತು. ಸೀನ್, ಸ್ವಾದ್, ಸಾ ಈ ಮೂರನ್ನೂ ಮಗು ಮೊದಲು ಕಿವಿಯಿಂದ ಬೇರ್ಪಡಿಸಬೇಕು. ಕಿವಿಗೆ ಬೀಳದ್ದನ್ನು ನಾಲಗೆ ಹೇಗೆ ಹೇಳೀತು? ಕಂಪನಿ ಸ್ಟೀರಿಯೊದಲ್ಲಿ ಮೊದಲು ಕಳೆದುಹೋಗುವುದು ಈ ಸೂಕ್ಷ್ಮಗಳೇ.

ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದೂ ಇದೇ ಮೇಲಿನ ಸ್ವರಗಳನ್ನು. ನಮ್ಮ ಬೀದಿಯಲ್ಲಿ ಬಾಡಿಗೆ ಕಾರು ಓಡಿಸುವ ಒಬ್ಬ ಯುವಕನಿದ್ದಾನೆ. ತಾಯಿಗೆ ಎಪ್ಪತ್ತು ದಾಟಿದೆ. ಕಮಲಾಪುರದಲ್ಲಿರುವ ಮಗಳ ಮನೆಗೆ ಆಕೆಯನ್ನು ಆಗಾಗ ಕರೆದುಕೊಂಡು ಹೋಗುತ್ತಾನೆ. ದಾರಿಯುದ್ದಕ್ಕೂ ಪಾರಾಯಣ ಕೇಳಬೇಕೆಂಬುದು ಆಕೆಯ ಇಷ್ಟ. ಆದರೆ "ಆವಾಜ್ ಬರ್ತದ ಬೇಟಾ, ಮಾತ ತಿಳಿವಲ್ದು" ಎನ್ನುತ್ತಿದ್ದರು. ಅವನು ವಾಲ್ಯೂಮ್ ಹೆಚ್ಚಿಸುತ್ತಿದ್ದ, ಹಿಂದೆ ಕುಳಿತ ಪುಟ್ಟ ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಿದ್ದರು. ವೂಫರ್‌ಗೆಂದು ಅವನು ಹಣ ಕೂಡಿಸಿಟ್ಟಿದ್ದ. ಅದೇ ಹಣದ ಒಂದು ಪಾಲಿನಲ್ಲಿ ಮುಂದಿನ ಎರಡು ಬಾಗಿಲುಗಳ ಸ್ಪೀಕರ್ ಬದಲಿಸಿ, ಬಾಗಿಲುಗಳ ಒಳಗೆ ಡ್ಯಾಂಪಿಂಗ್ ಶೀಟ್ ಹಾಕಿಸಿದ. ಮೊದಲು 25ರಲ್ಲಿಡುತ್ತಿದ್ದ ವಾಲ್ಯೂಮನ್ನು ಈಗ 15ರಲ್ಲಿಡುತ್ತಾನೆ. ತಾಯಿ ಆಯತ್ತಿನ ಜೊತೆಗೆ ತಾವೂ ತುಟಿ ಅಲ್ಲಾಡಿಸುತ್ತಾರೆ.

ಡಬ್ಬದ ಮೇಲಿನ ಅಂಕಿಗಳನ್ನು ನೋಡಿ ಮೋಸಹೋಗುವವರು ನಾವು ಮಾತ್ರವಲ್ಲ. ಅಮರ್ ಬೋಸ್ ಹೆಸರನ್ನು ನೀವು ಕೇಳಿರಬಹುದು. ಅವರ ತಂದೆ ಬಂಗಾಳದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರು. ಮಗ ಎಂ.ಐ.ಟಿ.ಯಲ್ಲಿ ಓದುತ್ತಿದ್ದಾಗ, 1956ರಲ್ಲಿ, ತಾಂತ್ರಿಕ ವಿವರಗಳನ್ನೆಲ್ಲಾ ಪರಿಶೀಲಿಸಿ ದುಬಾರಿಯ ಸ್ಟೀರಿಯೊ ಒಂದನ್ನು ಕೊಂಡರು. ಕಾಗದದಲ್ಲಿ ಅದು ಉತ್ತಮವಾಗಿತ್ತು, ಕಿವಿಗೆ ನಿರಾಶೆಯಾಯಿತು. ಆ ಅಂತರ ಏಕೆಂದು ಹುಡುಕುತ್ತಾ ಹೋದವರು 1964ರಲ್ಲಿ ತಮ್ಮ ಹೆಸರಿನ ಕಂಪನಿಯನ್ನೇ ಸ್ಥಾಪಿಸಿದರು. 1980ರ ದಶಕದ ಆರಂಭದಲ್ಲಿ ಜನರಲ್ ಮೋಟಾರ್ಸ್ ಕಾರುಗಳಿಗೆ ಆ ಕಂಪನಿ ಸ್ಟೀರಿಯೊ ಮಾಡಿಕೊಟ್ಟಾಗ, ಆಯಾ ಕಾರಿನ ಒಳಭಾಗಕ್ಕೆ ತಕ್ಕಂತೆ ಅದನ್ನು ರೂಪಿಸಿತು. ಅಂದರೆ ಕಾರಿನ ಬಾಗಿಲು, ಗಾಜು, ಸೀಟು ಎಲ್ಲವೂ ಸ್ಟೀರಿಯೊದ ಭಾಗವೇ.

ಇದನ್ನು ತಿಳಿಯಲು ನಮಗೆ ಅಮೆರಿಕದವರೆಗೆ ಹೋಗಬೇಕಾಗಿಲ್ಲ. 1367ರಲ್ಲಿ ಕಟ್ಟಲಾದ ನಮ್ಮ ಕಲಬುರಗಿ ಕೋಟೆಯ ಜಾಮಿಯಾ ಮಸೀದಿಗೆ ತೆರೆದ ಅಂಗಳವಿಲ್ಲ, ಎಲ್ಲವೂ ಗುಮ್ಮಟಗಳ ಕೆಳಗೆ. ಅಲ್ಲಿ ಒಂದು ಮಾತು ಆಡಿ ನೋಡಿ, ಅದೇ ಮಾತನ್ನು ಬಯಲಲ್ಲಿ ಆಡಿ ನೋಡಿ. ಗಂಟಲು ಅದೇ, ಧ್ವನಿ ಬೇರೆ. ಕಾರಿನೊಳಗೂ ಹಾಗೆಯೇ. ಗಾಜು ಸದ್ದನ್ನು ಹಿಂದಕ್ಕೆಸೆಯುತ್ತದೆ, ಸೀಟಿನ ಬಟ್ಟೆ ಅದನ್ನು ಹೀರಿಕೊಳ್ಳುತ್ತದೆ. ಬಾಗಿಲಂತೂ ತೂತುಗಳಿರುವ ತೆಳ್ಳನೆಯ ತಗಡು. ಸ್ಪೀಕರ್ ಮುಂದಕ್ಕೆ ಎಷ್ಟು ಗಾಳಿ ತಳ್ಳುತ್ತದೋ ಅಷ್ಟನ್ನೇ ಹಿಂದಕ್ಕೂ ತಳ್ಳುತ್ತದೆ. ಹಿಂದಿನ ಅಲೆ ಆ ತೂತುಗಳಿಂದ ನುಸುಳಿ ಬಂದು ಮುಂದಿನ ಅಲೆಯನ್ನು ರದ್ದು ಮಾಡುತ್ತದೆ. ಹೀಗೆ ಕೆಳಸ್ವರ ಸತ್ತುಹೋಗುತ್ತದೆ. ನಾವು 'ಬೇಸ್ ಇಲ್ಲ' ಎಂದು ವೂಫರ್ ಹುಡುಕುತ್ತೇವೆ!

ಆದ್ದರಿಂದ ಖರ್ಚನ್ನು ಬಾಗಿಲಿನಿಂದಲೇ ಆರಂಭಿಸಿ ಎನ್ನುತ್ತೇನೆ. ಡೋರ್ ಪ್ಯಾಡ್ ಬಿಚ್ಚಿ, ತಗಡಿಗೆ ಬ್ಯುಟೈಲ್ ರಬ್ಬರಿನ ಡ್ಯಾಂಪಿಂಗ್ ಶೀಟ್ ಅಂಟಿಸಿ, ದೊಡ್ಡ ತೂತುಗಳನ್ನು ಮುಚ್ಚಿಸಬೇಕು. ಅಗ್ಗವೆಂದು ಡಾಂಬರಿನ ಶೀಟ್ ಹಾಕಿಸಬೇಡಿ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ಮುಟ್ಟಿದಾಗ ಮುಚ್ಚಿದ ಕಾರಿನೊಳಗೆ ಅದು ಮೆತ್ತಗಾಗಿ ಜಾರುತ್ತದೆ, ವಾಸನೆ ಬರುತ್ತದೆ. ಇನ್ನೊಂದು ಎಚ್ಚರಿಕೆ: ಬಾಗಿಲಿನ ತಳದಲ್ಲಿ ಮಳೆನೀರು ಇಳಿದುಹೋಗಲು ಸಣ್ಣ ತೂತುಗಳಿರುತ್ತವೆ. ಉತ್ಸಾಹದಲ್ಲಿ ಅವನ್ನೂ ಮುಚ್ಚಿದರೆ ನೀರು ನಿಂತು ಬಾಗಿಲು ತುಕ್ಕು ಹಿಡಿಯುತ್ತದೆ. ಕೆಲಸ ಮುಗಿಯುವವರೆಗೆ ಪಕ್ಕದಲ್ಲೇ ನಿಂತು ನೋಡಿ, ನಾಚಿಕೆಪಡಬೇಡಿ.

ನಂತರ ಮುಂದಿನ ಎರಡು ಸ್ಪೀಕರ್. ಸಾಧಾರಣ ಕಾರುಗಳಲ್ಲಿ ಕಂಪನಿಯವರು ಕೊಡುವುದು ಸಣ್ಣ ಅಯಸ್ಕಾಂತದ, ತೆಳುಕಾಗದದ ಸ್ಪೀಕರು. ಬದಲಿಸುವಾಗ ಎರಡು ಬಗೆ ಸಿಗುತ್ತವೆ. ಟ್ವೀಟರ್ ಮಧ್ಯದಲ್ಲೇ ಕುಳಿತಿರುವುದು ಕೋಆಕ್ಸಿಯಲ್. ಟ್ವೀಟರ್ ಬೇರೆಯಾಗಿ, ಮೇಲೆ ಡ್ಯಾಶ್‌ಬೋರ್ಡ್ ಮಟ್ಟದಲ್ಲಿ ಕೂರುವುದು ಕಾಂಪೊನೆಂಟ್. ಸ್ಪೀಕರ್ ಬಾಗಿಲಿನ ಕೆಳಭಾಗದಲ್ಲಿದ್ದರೆ ಮೇಲಿನ ಸ್ವರಗಳು ನಿಮ್ಮ ಮೊಣಕಾಲಿಗೆ ಹೋಗಿ ಮುಟ್ಟುತ್ತವೆ, ಕಿವಿಗಲ್ಲ. ಆದ್ದರಿಂದ ಮಾತು ಕೇಳುವವರಿಗೆ ಕಾಂಪೊನೆಂಟ್ ವಾಸಿ. ಕೈ ಬಿಗಿಯಿದ್ದರೆ ಒಳ್ಳೆಯ ಕೋಆಕ್ಸಿಯಲ್ ಕೂಡಾ ಸಾಕು. ಹಿಂದಿನ ಸ್ಪೀಕರ್‌ಗಳನ್ನು ಈಗ ಮುಟ್ಟುವುದೇ ಬೇಡ.

ಸ್ಪೀಕರಿನ ಡಬ್ಬದಲ್ಲಿ ನೋಡಬೇಕಾದ ಅಂಕಿ ದೊಡ್ಡಕ್ಷರದ ವ್ಯಾಟ್ ಅಲ್ಲ, ಸಣ್ಣಕ್ಷರದ ಸೆನ್ಸಿಟಿವಿಟಿ. ಅದು 90 ಡೆಸಿಬಲ್ ಅಥವಾ ಹೆಚ್ಚಿದ್ದರೆ ಕಾರಿನ ಮೂಲ ಸ್ಟೀರಿಯೊವೇ ಅದನ್ನು ಚೆನ್ನಾಗಿ ನುಡಿಸಬಲ್ಲದು. ಸ್ಟೀರಿಯೊ ಮೇಲೆ '50 ವ್ಯಾಟ್ x 4' ಎಂದು ಬರೆದಿರುತ್ತದೆ. 12 ವೋಲ್ಟಿನ ಬ್ಯಾಟರಿಯ ಮೇಲೆ ನಡೆಯುವ ಅದರೊಳಗಿನ ಐ.ಸಿ. ಒಂದೊಂದು ಸ್ಪೀಕರಿಗೆ ಸತತವಾಗಿ ಕೊಡಬಲ್ಲದ್ದು ಇಪ್ಪತ್ತು ವ್ಯಾಟಿನ ಆಸುಪಾಸು ಮಾತ್ರ. ನಿಜವಾದ ಅಂಕಿ ಬೇಕಿದ್ದರೆ 'ಆರ್.ಎಂ.ಎಸ್.' ಎಷ್ಟೆಂದು ಕೇಳಿ. ಅಂಗಡಿಯವರ ಮುಖಭಾವ ಸ್ವಲ್ಪ ಬದಲಾಗುವುದನ್ನೂ ಗಮನಿಸಬಹುದು. ವ್ಯಾಟ್ ಇಮ್ಮಡಿಯಾದರೆ ಸದ್ದು ಹೆಚ್ಚುವುದು 3 ಡೆಸಿಬಲ್ ಅಷ್ಟೆ. ಕಿವಿಗೆ ಇಮ್ಮಡಿ ಎನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು.

ಇಷ್ಟಾದ ಮೇಲೆ ಬಹಳಷ್ಟು ಮನೆಯವರಿಗೆ ತೃಪ್ತಿಯಾಗುತ್ತದೆ. ಇನ್ನೂ ಬೇಕೆನಿಸಿದವರಿಗೆ ಆಂಪ್ಲಿಫೈಯರ್ ಇದೆ. ಇಲ್ಲಿ ಮಾತ್ರ ಹಣ ಉಳಿಸಲು ಹೋಗಬಾರದು. ಆಂಪ್ಲಿಫೈಯರಿಗೆ ವಿದ್ಯುತ್ ನೇರವಾಗಿ ಬ್ಯಾಟರಿಯಿಂದ ಬರುತ್ತದೆ. ನಮ್ಮ ಪರಿಚಯದವರ ಕಾರೊಂದರಲ್ಲಿ ಆ ತಂತಿಗೆ ಫ್ಯೂಸ್ ಹಾಕಿರಲಿಲ್ಲ. ಬಾನೆಟ್ಟಿನಿಂದ ಒಳಗೆ ಬರುವ ತೂತಿಗೆ ರಬ್ಬರ್ ಬುಷ್ ಕೂಡಾ ಇರಲಿಲ್ಲ. ತಗಡಿನ ಅಂಚಿಗೆ ಉಜ್ಜಿ ಉಜ್ಜಿ ತಂತಿಯ ಹೊದಿಕೆ ಸವೆಯಿತು. ಹುಮನಾಬಾದ್ ರಸ್ತೆಯಲ್ಲಿ ಡ್ಯಾಶ್‌ಬೋರ್ಡ್ ಕೆಳಗಿನಿಂದ ಹೊಗೆ ಎದ್ದಿತು. ಒಳಗೆ ನಾಲ್ಕು ಜನರಿದ್ದರು, ಒಂದು ಕೂಸೂ ಇತ್ತು. ಅಲ್ಲಾಹನ ಅನುಗ್ರಹದಿಂದ ಎಲ್ಲರೂ ಇಳಿದು ಪಾರಾದರು. ಕಾಣೆಯಾಗಿದ್ದದ್ದು ಕೆಲವು ರೂಪಾಯಿಯ ಒಂದು ಫ್ಯೂಸ್ ಮತ್ತು ಒಂದು ರಬ್ಬರ್ ತುಂಡು. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ತಂತಿ ಶುದ್ಧ ತಾಮ್ರದ್ದಾಗಿರಬೇಕು, ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಅಲ್ಲ. ಸಿಗ್ನಲ್ ಕೇಬಲನ್ನು ಈ ತಂತಿಯಿಂದ ದೂರ, ಕಾರಿನ ಇನ್ನೊಂದು ಬದಿಯಿಂದ ಎಳೆಸಿ. ಇಲ್ಲದಿದ್ದರೆ ಎಕ್ಸಿಲರೇಟರ್ ಒತ್ತಿದಂತೆ ಸ್ಪೀಕರಿನಲ್ಲಿ ಸೊಳ್ಳೆಯ ಗುಂಯ್ ಶಬ್ದ ಏರುತ್ತದೆ.

ಇಂದಿನ ಕಾರುಗಳಲ್ಲಿ ಸ್ಟೀರಿಯೊ ಎಂದರೆ ದೊಡ್ಡ ಪರದೆ. ರಿವರ್ಸ್ ಕ್ಯಾಮೆರಾ, ಕೆಲವೊಮ್ಮೆ ಎ.ಸಿ.ಯೂ ಅದಕ್ಕೇ ಜೋಡಣೆಯಾಗಿರುತ್ತದೆ. ಅದನ್ನು ಕಿತ್ತು ಬೇರೆ ಹಾಕುವ ಸಾಹಸ ಬೇಡ. ಸ್ಪೀಕರಿಗೆ ಹೋಗುವ ತಂತಿಯಿಂದಲೇ ಸಿಗ್ನಲ್ ಪಡೆಯುವ ಆಂಪ್ಲಿಫೈಯರ್‌ಗಳಿವೆ, 'ಹೈ ಲೆವೆಲ್ ಇನ್‌ಪುಟ್' ಎಂದು ಕೇಳಿದರೆ ಕೊಡುತ್ತಾರೆ. ಯಾವ ಕೆಲಸಕ್ಕೂ ಕಂಪನಿಯ ತಂತಿಯನ್ನು ಕತ್ತರಿಸಲು ಬಿಡಬೇಡಿ. ನಿಮ್ಮ ಮಾದರಿಯ ಕಾರಿಗೆ ಸರಿಹೊಂದುವ ಕಪ್ಲರ್ ಸಿಗುತ್ತದೆ. ತಂತಿ ಕತ್ತರಿಸಿದ್ದಾರೆಂಬ ಕಾರಣಕ್ಕೆ ಮುಂದೆ ವಾರಂಟಿ ನಿರಾಕರಿಸುವ ಸಾಧ್ಯತೆಯಿದೆ. ಹಳದಿ ಬಣ್ಣದ ಕಪ್ಲರ್ ಕಂಡರೆ ಕೈ ಹಿಂತೆಗೆಯಲು ಹೇಳಿ, ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು. ಮುಂಗಾಜಿನ ಪಕ್ಕದ ಕಂಬದಲ್ಲಿ ಏರ್‌ಬ್ಯಾಗ್ ಇರುವ ಕಾರಾದರೆ ಟ್ವೀಟರನ್ನು ಅಲ್ಲಿ ಕೂರಿಸಬಾರದು.

ಒಂದು ರೂಪಾಯಿಯೂ ಖರ್ಚಿಲ್ಲದ ಕೆಲಸವನ್ನು ಹೇಳಲು ಮರೆಯಬಾರದು. ಅಂಗಡಿಗೆ ಹೋಗುವ ಮೊದಲು ಬೇಸ್, ಟ್ರೆಬಲ್ ಎರಡನ್ನೂ ಸೊನ್ನೆಗೆ ತನ್ನಿ. 'ಲೌಡ್‌ನೆಸ್' ಇದ್ದರೆ ಆರಿಸಿ. ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಬಂದ ಆಡಿಯೊ ತುಣುಕನ್ನು ಹಾಕಿ ಸ್ಟೀರಿಯೊಗೆ ಬೈಯಬೇಡಿ. ಅದೇ ಧ್ವನಿಯ ಮೂಲ ಕಡತವನ್ನು, ಸಾಧ್ಯವಾದರೆ 320 ಕೆ.ಬಿ.ಪಿ.ಎಸ್.ನದ್ದನ್ನು, ಪೆನ್‌ಡ್ರೈವ್‌ನಿಂದ ನುಡಿಸಿ ನೋಡಿ. ಕೆಲವರಿಗೆ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ. ಅಂಗಡಿಗೆ ಹೋದಾಗಲೂ ಅದೇ ಪೆನ್‌ಡ್ರೈವ್ ಜೊತೆಗಿರಲಿ. ಅವರು ಹಾಕುವ ಢಂ ಢಂ ಹಾಡಿನಲ್ಲಿ ಎಲ್ಲಾ ಸ್ಪೀಕರ್‌ಗಳೂ ಒಂದೇ. ನೀವು ನೂರು ಬಾರಿ ಕೇಳಿದ ಒಂದು ಮನುಷ್ಯ ಧ್ವನಿಯನ್ನು ಹಾಕಿಸಿ. ಓದುವವರು ಉಸಿರೆಳೆದುಕೊಳ್ಳುವುದು ಕೇಳಿಸುತ್ತದೆಯೇ, ಸೀನ್ ಮತ್ತು ಸ್ವಾದ್ ಬೇರೆಯಾಗಿ ಬರುತ್ತವೆಯೇ ಎಂದು ಗಮನಿಸಿ.

ಮಕ್ಕಳು ಜೊತೆಯಲ್ಲಿರುತ್ತಾರೆಂಬುದೂ ನೆನಪಿರಲಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬಲ್ ಕೇಳಬಹುದು, ಮಕ್ಕಳಿಗೆ ಅದು 75. ಪ್ರತಿ 3 ಡೆಸಿಬಲ್ ಹೆಚ್ಚಿದಂತೆ ಸುರಕ್ಷಿತ ಅವಧಿ ಅರ್ಧವಾಗುತ್ತದೆ. ಅಂದರೆ 92ಕ್ಕೆ ಏರಿಸಿದರೆ ದೊಡ್ಡವರ 40 ಗಂಟೆ ಎರಡೂವರೆ ಗಂಟೆಗೆ ಇಳಿಯುತ್ತದೆ. ಗಲ್ಲಿಗೆ ಬಂದ ಮೇಲಂತೂ ಕಾನೂನೂ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಲ್ಲಿ 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ ಇಟ್ಟಿವೆ.

ಬಿಚ್ಚಿದ ಹಳೆಯ ಸ್ಪೀಕರ್‌ಗಳನ್ನು ಅಂಗಡಿಯಲ್ಲೇ ಬಿಟ್ಟುಬರಬೇಡಿ. ಹೊಸದರ ಡಬ್ಬದಲ್ಲೇ ಹಾಕಿ, ಬಿಲ್ಲನ್ನೂ ಸೇರಿಸಿ, ಮನೆಯ ಅಟ್ಟದಲ್ಲಿಡಿ. ಕಾರು ಮಾರುವ ದಿನ ಅವನ್ನು ಮರಳಿ ಕೂರಿಸಿದರೆ, ನಿಮ್ಮ ಹೊಸ ಸ್ಪೀಕರ್‌ಗಳು ಮುಂದಿನ ಕಾರಿಗೂ ಬರುತ್ತವೆ.