ಕೆರೆಯ ಗಡಿ ಹೇಳೋದು ಯಾರು? ನಕ್ಷೆಯೋ, ನೀರೋ, ಮಣ್ಣೋ?

ಗದಗ: ಬೇಸಿಗೆಯಲ್ಲಿ ಒಣಗಿದ ಯಾವುದಾದ್ರೂ ಕೆರೆ ಅಂಗಳಕ್ಕೆ ಹೋಗಿ ಒಮ್ಮೆ ನಿಂತು ನೋಡಿ. ನೀರಿಲ್ಲ. ದನ ಮೇಯ್ತಿರ್ತಾವೆ, ಹುಡುಗ್ರು ಕ್ರಿಕೆಟ್ ಆಡ್ತಿರ್ತಾರೆ. ಒಂದು ಮೂಲೆಯಲ್ಲಿ ಜಾಲಿ ಬೆಳೆದಿದೆ, ಇನ್ನೊಂದು ಮೂಲೆಯಲ್ಲಿ ಯಾರೋ ಉಳುಮೆ ಮಾಡಿದ್ದಾರೆ. ಕೆರೆ ಎಲ್ಲಿಗೆ ಮುಗಿಯಿತು, ಹೊಲ ಎಲ್ಲಿಂದ ಶುರುವಾಯ್ತು ಅಂತ ಕೇಳಿದ್ರೆ ಹತ್ತು ಜನ ಹತ್ತು ಕಡೆ ಬೆರಳು ತೋರಿಸ್ತಾರೆ.

ಇಷ್ಟು ದಿನ ಈ ಪ್ರಶ್ನೆಗೆ ಉತ್ತರ ಸಿಗದಿದ್ರೂ ಹೇಗೋ ನಡೀತಿತ್ತು. ಈಗ ನಡೆಯೋದಿಲ್ಲ. 2024ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿದೆ. 2021ರಲ್ಲಿ ಬಂದ ಬಾಹ್ಯಾಕಾಶ ಅನ್ವಯಿಕ ಕೇಂದ್ರದ ಅಟ್ಲಾಸ್‌ನಲ್ಲಿ ಗುರುತಿಸಿರೋ 2,31,195 ಜೌಗು ಪ್ರದೇಶಗಳನ್ನ ಎಲ್ಲ ರಾಜ್ಯಗಳೂ ಸ್ಥಳಕ್ಕೇ ಹೋಗಿ ಪರಿಶೀಲಿಸಬೇಕು, ಒಂದೊಂದರ ಗಡಿಯನ್ನೂ ಗುರುತು ಮಾಡಬೇಕು, ಅದನ್ನ ಮೂರು ತಿಂಗಳಲ್ಲಿ ಮುಗಿಸಬೇಕು ಅನ್ನೋದು ಅದರ ಸಾರ. ಆ ಗಡುವು 2025ರ ಮಾರ್ಚ್‌ಗೇ ತೀರಿದೆ. ಗಡುವಿಗಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ: ಗಡಿ ಗುರುತಿಸೋಕೆ ಬರೋ ಸಿಬ್ಬಂದಿಗೆ ಜೌಗು ನೆಲ ಗುರುತಿಸೋ ತರಬೇತಿ ಇದೆಯಾ?

ನಕ್ಷೆಯ ಒಂದು ಮಿಲಿಮೀಟರ್, ನಿಮ್ಮ 50 ಮೀಟರ್

ಮೊದಲು ನಕ್ಷೆಯ ಲೆಕ್ಕ ನೋಡೋಣ. ಅಟ್ಲಾಸ್ ತಯಾರಾಗಿರೋದು 1:50,000 ಅಳತೆಯಲ್ಲಿ. ಅಂದ್ರೆ ನಕ್ಷೆಯ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ 50 ಮೀಟರ್. ಅದಕ್ಕೇ 2.25 ಹೆಕ್ಟೇರ್‌ಗಿಂತ ಸಣ್ಣ ನೀರಿನ ಜಾಗಗಳ ಆಕಾರ ಅದರಲ್ಲಿ ಬಿಡಿಸೋಕೆ ಆಗಲ್ಲ. ನಮ್ಮ ಲೆಕ್ಕದಲ್ಲಿ ಅದು ಸುಮಾರು ಐದೂವರೆ ಎಕರೆ. ಅದಕ್ಕಿಂತ ಸಣ್ಣ ಗೋಕಟ್ಟೆ, ಹೊಂಡ ಈ ಎಣಿಕೆಯ ಹೊರಗೇ ಉಳಿದಿವೆ.

ಇನ್ನು ಕಾನೂನಿನ ಲೆಕ್ಕ. 2017ರ ಜೌಗು ಪ್ರದೇಶ (ಸಂರಕ್ಷಣೆ ಮತ್ತು ನಿರ್ವಹಣೆ) ನಿಯಮಗಳ ಪ್ರಕಾರ ಅವುಗಳ ವ್ಯಾಪ್ತಿಗೆ ಬರೋ ಜೌಗು ಪ್ರದೇಶವನ್ನ ಒತ್ತುವರಿ ಮಾಡಂಗಿಲ್ಲ, ಕಸ ಸುರಿಯಂಗಿಲ್ಲ, ಶುದ್ಧೀಕರಿಸದ ಕೊಳಚೆ ಬಿಡಂಗಿಲ್ಲ. ಕಳೆದ ಹತ್ತು ವರ್ಷದಲ್ಲಿ ಕಂಡ ಸರಾಸರಿ ಗರಿಷ್ಠ ನೀರಿನ ಮಟ್ಟದಿಂದ 50 ಮೀಟರ್ ಒಳಗೆ ಶಾಶ್ವತ ಕಟ್ಟಡ ಕಟ್ಟಂಗಿಲ್ಲ.

ಎರಡೂ ಸೇರಿಸಿ ನೋಡಿ. ನಕ್ಷೆಯಲ್ಲಿ ಪೆನ್ಸಿಲ್ ಗೆರೆ ಒಂದು ಮಿಲಿಮೀಟರ್ ಆಚೆ ಈಚೆ ಆದ್ರೆ, ಕಟ್ಟಡ ಕಟ್ಟಬಾರದು ಅನ್ನೋ ಇಡೀ ಪಟ್ಟಿಯೇ ಆಚೆ ಈಚೆ ಆಗುತ್ತೆ. ರಸ್ತೆ ಪಕ್ಕ, ಕೆರೆ ಏರಿ ಹತ್ತಿರ ಸಾಲ ಮಾಡಿ ಮಳಿಗೆ ಕಟ್ಟಿದವರಿಗೆ ಇದು ಸಣ್ಣ ಮಾತಲ್ಲ. ಕೆರೆಗೂ ಅಷ್ಟೇ. ಗೆರೆ ಒಳಕ್ಕೆ ಸರಿದ್ರೆ ಕೆರೆಯ ಅಂಚು ಕಾಗದದ ಮೇಲೇ ಸೈಟ್ ಆಗಿಬಿಡುತ್ತೆ. ಹಾಗಾಗಬಾರದು ಅಂತಲೇ ಕೋರ್ಟ್ ಸ್ಥಳಕ್ಕೆ ಹೋಗಿ ನೋಡಿ ಅಂದಿರೋದು.

ನೀರು ಹೋದ್ಮೇಲೆ ಸಾಕ್ಷಿ ಹೇಳೋದು ಮಣ್ಣು

ಉಪಗ್ರಹ ನೀರು ನೋಡುತ್ತೆ, ಹಸಿರು ನೋಡುತ್ತೆ. ನಮ್ಮಂಥ ಕಡಿಮೆ ಮಳೆಯ ಜಿಲ್ಲೆಯಲ್ಲಿ ಕೆರೆ ವರ್ಷಕ್ಕೆ ಕೆಲವೇ ತಿಂಗಳು ತುಂಬಿರುತ್ತೆ, ಬರಗಾಲದಲ್ಲಿ ಅದೂ ಇಲ್ಲ. ಹಾಗಾಗಿ ನವೆಂಬರ್ ಚಿತ್ರಕ್ಕೂ ಏಪ್ರಿಲ್ ಚಿತ್ರಕ್ಕೂ ಹೊಂದಾಣಿಕೆ ಆಗಲ್ಲ.

ಮಣ್ಣು ಮಾತ್ರ ಬೇಗ ಮರೆಯೋದಿಲ್ಲ. ನೀರು ನಿಂತ ಮಣ್ಣಿನಲ್ಲಿ ಗಾಳಿ ಆಡಲ್ಲ. ಸೂಕ್ಷ್ಮಜೀವಿಗಳು ಮೊದಲು ಇದ್ದ ಆಮ್ಲಜನಕ ಖಾಲಿ ಮಾಡ್ತಾವೆ, ಆಮೇಲೆ ಕಬ್ಬಿಣಕ್ಕೆ ಕೈ ಹಾಕ್ತಾವೆ. ಮಣ್ಣಿಗೆ ಕೆಂಪು, ಹಳದಿ ಬಣ್ಣ ಕೊಡೋದೇ ಆ ಕಬ್ಬಿಣ. ಅದು ಕರಗಿ ಜಾಗ ಬಿಟ್ಟಾಗ ಉಳಿಯೋದು ಬೂದು ಬಣ್ಣ. ಬೇರಿನ ಪಕ್ಕ, ಬಿರುಕಿನ ಪಕ್ಕ ಗಾಳಿ ತಾಗಿದ ಕಡೆ ಅದೇ ಕಬ್ಬಿಣ ಮತ್ತೆ ತುಕ್ಕು ಬಣ್ಣದ ಚುಕ್ಕೆಯಾಗಿ, ಗೆರೆಯಾಗಿ ಕೂರುತ್ತೆ. ಬಹಳ ದಿನ ನೀರು ನಿಂತ ಕಡೆ ಅಗೆದ್ರೆ ಕೊಳೆತ ಮೊಟ್ಟೆ ವಾಸನೆಯೂ ಬರಬಹುದು. ಮೊಣಕೈಯಷ್ಟು ಆಳದ ಗುಂಡಿ ತೋಡಿ ಇದನ್ನ ಓದಬಲ್ಲವರು, ನೀರಿಲ್ಲದ ದಿನವೂ ಇಲ್ಲಿ ವರ್ಷ ವರ್ಷ ನೀರು ನಿಲ್ತಿತ್ತು ಅಂತ ಹೇಳಬಲ್ಲರು.

ನಮ್ಮ ಹಿರಿಯರಿಗೆ ಇದು ಹೊಸದೇನಲ್ಲ. ಜವಳು, ಸವಳು, ಎರೆ, ಮಸಾರಿ ಅಂತ ನೆಲಕ್ಕೆ ಹೆಸರಿಟ್ಟವರು ಅವರೇ. ಆದರೆ ಕೋರ್ಟ್‌ನಲ್ಲಿ, ಮಹಜರಿನಲ್ಲಿ ನಿಲ್ಲಬೇಕಾದ್ರೆ ಅನುಭವದ ಜೊತೆ ಅಳತೆಯೂ ಬೇಕು. ಅಲ್ಲಿಗೆ ತರಬೇತಿಯ ಮಾತು ಬರುತ್ತೆ.

ಅಮೆರಿಕದಲ್ಲಿ ಹೇಗೆ ಮಾಡ್ತಾರೆ?

ಅಲ್ಲಿ ಸೇನೆಯ ಎಂಜಿನಿಯರ್ ವಿಭಾಗ 1987ರಲ್ಲೇ ಜೌಗು ಪ್ರದೇಶದ ಗಡಿ ಗುರುತಿಸೋ ಕೈಪಿಡಿ ತಂತು. ಅದರಲ್ಲಿ ಸಾಮಾನ್ಯವಾಗಿ ಮೂರು ಸಾಕ್ಷಿ ಕೇಳ್ತಾರೆ: ನೀರು ನಿಂತ ಗುರುತು, ನೀರಿನಲ್ಲಿ ಬದುಕೋ ಸಸ್ಯ, ನೀರು ನಿಂತು ಬದಲಾದ ಮಣ್ಣು. ಈ ಕೆಲಸಕ್ಕೆ ಹೋಗೋರಿಗೆ 40 ಗಂಟೆಗಳ ಕೋರ್ಸ್‌ಗಳಿವೆ. ತರಗತಿ ಜೊತೆ ಕೆಸರಿಗಿಳಿದು ಗುಂಡಿ ತೋಡೋ ಅಭ್ಯಾಸವೂ ಇರುತ್ತೆ. ಮಣ್ಣಿನ ಬಣ್ಣವನ್ನ ಅಂದಾಜಿನಲ್ಲಿ ಹೇಳಂಗಿಲ್ಲ, ಮುನ್ಸೆಲ್ ಅನ್ನೋ ಬಣ್ಣದ ಪುಸ್ತಕದ ಹಾಳೆ ಪಕ್ಕ ಹಿಡಿದು ಸಂಖ್ಯೆ ಬರೀಬೇಕು. ಕರಗಿದ ಕಬ್ಬಿಣ ಇದೆಯಾ ಅಂತ ತಿಳಿಯೋಕೆ ಒಂದು ರಾಸಾಯನಿಕದ ಹನಿ ಹಾಕ್ತಾರೆ, ಇದ್ರೆ ಅದು ಕೆಂಪಾಗುತ್ತೆ.

ಅಲ್ಲಿ ಎಲ್ಲವೂ ಸರಿಯಿದೆ ಅಂತಲ್ಲ. 2023ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪೊಂದರಲ್ಲಿ ಕೇಂದ್ರದ ಕಾನೂನು ರಕ್ಷಿಸೋ ಜೌಗು ಪ್ರದೇಶಗಳ ವ್ಯಾಪ್ತಿಯನ್ನೇ ಕಡಿಮೆ ಮಾಡಿತು. ಮಣ್ಣು ಜೌಗು ಅಂದ್ರೂ ಕಾನೂನು ಅಲ್ಲ ಅನ್ನಬಹುದು ಅನ್ನೋದು ಇದರಿಂದ ಗೊತ್ತಾಗೋ ಮಾತು. ನಮ್ಮಲ್ಲೂ ಅದೇ ತೊಡಕಿದೆ.

ಕಾನೂನಿನ ಕೆರೆ ಬೇರೆ, ಮಣ್ಣಿನ ಕೆರೆ ಬೇರೆ

2017ರ ನಿಯಮಗಳ ವ್ಯಾಖ್ಯೆ ಓದಿದ್ರೆ ಗದ್ದೆ ಹೊರಗೆ, ನದಿ ಪಾತ್ರ ಹೊರಗೆ. ಕುಡಿಯೋ ನೀರಿಗೆಂದೇ ಕಟ್ಟಿದ್ದು, ನೀರಾವರಿಗೆಂದೇ ಕಟ್ಟಿದ್ದು ಕೂಡ ಹೊರಗೆ. ಬಯಲುಸೀಮೆಯ ಹೆಚ್ಚಿನ ಕೆರೆಗಳು ಏರಿ ಹಾಕಿ, ತೂಬು ಇಟ್ಟು ಹೊಲಗದ್ದೆಗೆ ನೀರು ಹರಿಸೋಕೆ ಕಟ್ಟಿದವು ತಾನೇ?

ಆದರೆ ನಮ್ಮ ಕಣ್ಣೆದುರೇ ಇನ್ನೊಂದು ಉದಾಹರಣೆ ಇದೆ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯೂ ಮಳೆನೀರು ಹಿಡಿದು ನೀರಾವರಿಗೆ ಕೊಡೋಕೆ ಮನುಷ್ಯರೇ ಕಟ್ಟಿದ್ದು. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯೋ ಆ 54.38 ಹೆಕ್ಟೇರ್ ಜಾಗ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿ ಸೇರಿತು. ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ, ಕುಮಟಾ ಕಡೆಯ ಅಘನಾಶಿನಿ ಅಳಿವೆ ಕೂಡ ಆಗಲೇ ಸೇರಿದ್ದು. ರಾಮ್ಸಾರ್ ಪಟ್ಟಿಯಲ್ಲಿದ್ರೆ, ಇಲ್ಲವೇ ಸರ್ಕಾರ ಅಧಿಸೂಚನೆ ಹೊರಡಿಸಿದ್ರೆ, ನಿಯಮ ಅನ್ವಯ ಆಗುತ್ತೆ. ಅಂದ್ರೆ ಒಂದೇ ತಾಲೂಕಿನಲ್ಲಿ, ಒಂದೇ ಕಾರಣಕ್ಕೆ ಕಟ್ಟಿದ ಎರಡು ಕೆರೆಗಳಲ್ಲಿ ಒಂದಕ್ಕೆ ಅಂತಾರಾಷ್ಟ್ರೀಯ ಮಾನ್ಯತೆ ಇದ್ದು, ಇನ್ನೊಂದು ವ್ಯಾಖ್ಯೆಯ ಹೊರಗಿರಬಹುದು.

ಇದರಿಂದ ಒಂದು ಪಾಠ ಇದೆ. ತರಬೇತಿ ಪಡೆದ ಮಣ್ಣು ವಿಜ್ಞಾನಿ ಇಲ್ಲಿ ನೀರು ನಿಲ್ತಿತ್ತು, ಇಲ್ಲಿಯವರೆಗೆ ನಿಲ್ತಿತ್ತು ಅಂತ ಹೇಳ್ತಾರೆ. ಅದಕ್ಕೆ ರಕ್ಷಣೆ ಕೊಡಬೇಕಾ ಬೇಡವಾ ಅನ್ನೋದು ಸರ್ಕಾರದ ತೀರ್ಮಾನ. ಎರಡನ್ನೂ ಒಬ್ಬರ ಬಾಯಲ್ಲೇ ಹೇಳಿಸಿದ್ರೆ ವರದಿ ಮೇಲೆ ಒತ್ತಡ ಬೀಳೋದು ಗ್ಯಾರಂಟಿ.

ಪರದೇಶದ ಪಾಠ ನಮ್ಮ ಎರೆ ಭೂಮಿಗೆ ಒಗ್ಗಲ್ಲ

ಇಲ್ಲೇ ನಿಜವಾದ ಕಷ್ಟ ಇರೋದು. ಪುಸ್ತಕ ಹೇಳುತ್ತೆ: ಮಣ್ಣು ಬೂದು, ಮಬ್ಬು ಬಣ್ಣಕ್ಕೆ ತಿರುಗಿದ್ರೆ ಜೌಗು. ಆದರೆ ರೋಣ, ನರಗುಂದದ ಎರೆ ನೆಲ ಮೊದಲೇ ಕಪ್ಪು. ನೀರು ನಿಲ್ಲದ ಹೊಲದಲ್ಲೂ ಬಣ್ಣ ಮಬ್ಬೇ. ಹೊಸಬರು ಬರೀ ಬಣ್ಣ ನೋಡಿದ್ರೆ ಒಣ ಹೊಲವನ್ನೂ ಜೌಗು ಅಂತ ಬರೆದುಬಿಡಬಹುದು. ಇನ್ನೊಂದು ಕಡೆ, ನಿಜವಾಗಿ ನೀರು ನಿಂತ ಗುರುತು ಆ ಕಪ್ಪಿನಲ್ಲೇ ಅಡಗಿ ಕಾಣದೇ ಹೋಗಬಹುದು. ಸುಣ್ಣ ಹೆಚ್ಚಿರೋ, ಸಾವಯವ ಅಂಶ ಕಡಿಮೆ ಇರೋ ಮಣ್ಣಿನಲ್ಲಿ ಕಬ್ಬಿಣ ಸುಲಭಕ್ಕೆ ಕರಗೋದೂ ಇಲ್ಲ. ಕೆಂಪು ಮಣ್ಣಿನಲ್ಲಿ ಕಬ್ಬಿಣ ಅತಿಯಾಗಿದ್ರೆ ನೀರು ನಿಂತ್ರೂ ಬಣ್ಣ ಬಿಡೋಕೆ ಹಟ ಮಾಡುತ್ತೆ. ಅಮೆರಿಕದ ಕೈಪಿಡಿಗಳಲ್ಲೂ ಇಂಥ ಮಣ್ಣುಗಳನ್ನ ಕಷ್ಟದ ಮಣ್ಣು ಅಂತ ಬೇರೆ ಇಟ್ಟಿದ್ದಾರೆ.

ಇದರ ಮೇಲೆ ನಾವು ಮಾಡಿದ ಕೆಲಸಗಳೂ ಇವೆ. ಕೆರೆ ಹೂಳೆತ್ತಿ ಟ್ರ್ಯಾಕ್ಟರ್‌ನಲ್ಲಿ ಹೊಲಕ್ಕೆ ಹಾಕ್ತೇವೆ. ಒಳ್ಳೆಯದೇ, ಬೆಳೆ ಚೆನ್ನಾಗಿ ಬರುತ್ತೆ. ಆದರೆ ಆ ಹೊಲದಲ್ಲಿ ಮೇಲಿನ ಪದರ ಮಾತ್ರ ಅಗೆದು ನೋಡಿದವರಿಗೆ ಕೆರೆ ಮಣ್ಣೇ ಸಿಗುತ್ತೆ. ಹೂಳೆತ್ತಿದ ಕೆರೆಯಲ್ಲಿ ಹಳೆ ಗುರುತಿನ ಪದರವೇ ಮಾಯವಾಗಿರುತ್ತೆ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ಕಾಲುವೆ ನೀರು ಬಸಿದು ಜವಳಾದ ಹೊಲಗಳಿವೆ. ಅಲ್ಲಿನ ಮಣ್ಣು ನೀರುಂಡಿದೆ ನಿಜ, ಆದರೆ ಅದು ಕೆರೆಯಲ್ಲ, ರೈತ ಅನುಭವಿಸ್ತಿರೋ ನಷ್ಟ. ಈ ವ್ಯತ್ಯಾಸ ತಿಳಿಯದವರು ಗಡಿ ಬರೆದ್ರೆ ಮೊದಲು ಪೆಟ್ಟು ಬೀಳೋದು ಪಟ್ಟಾ ಇಟ್ಕೊಂಡಿರೋ ಸಣ್ಣ ರೈತನಿಗೆ.

ನಮ್ಮಲ್ಲಿ ಕಲಿಸೋರು ಇಲ್ವಾ?

ಇದ್ದಾರೆ. ಕೃಷಿ ವಿಶ್ವವಿದ್ಯಾಲಯಗಳಲ್ಲಿ ಮಣ್ಣು ವಿಜ್ಞಾನ ಓದೋರಿಗೆ ಗುಂಡಿ ತೋಡಿ ಪದರ ನೋಡೋ ಪಾಠ ಇದ್ದೇ ಇದೆ. ಕೆಲಸಕ್ಕೆ ಸೇರಿದ ಮೇಲೆ ಅದು ಮೂಲೆ ಸೇರುತ್ತೆ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯನ್ನೇ ನೋಡಿ. ಅದರಲ್ಲಿ 12 ಅಂಶ ಪರೀಕ್ಷೆ ಮಾಡ್ತಾರೆ: ಸಾರಜನಕ, ರಂಜಕ, ಪೊಟ್ಯಾಷ್, ಸತು, ಬೋರಾನ್, ರಸಸಾರ ಇತ್ಯಾದಿ. ಗೊಬ್ಬರ ಎಷ್ಟು ಹಾಕಬೇಕು ಅನ್ನೋಕೆ ಅದು ಸರಿ. ಈ ನೆಲದಲ್ಲಿ ನೀರು ಎಷ್ಟು ದಿನ ನಿಂತಿತ್ತು ಅನ್ನೋ ಪ್ರಶ್ನೆಗೆ ಅದರಲ್ಲಿ ಉತ್ತರ ಇಲ್ಲ. ಮೇಲ್ಮಣ್ಣು ಒಂದು ಚೀಲ ಲ್ಯಾಬ್‌ಗೆ ಕಳಿಸಿದ್ರೆ ಗೊತ್ತಾಗೋ ವಿಷಯವೂ ಅಲ್ಲ.

ಖುಷಿಯ ವಿಷಯ ಅಂದ್ರೆ ನಾವು ಸೊನ್ನೆಯಿಂದ ಶುರು ಮಾಡಬೇಕಿಲ್ಲ. ಸುಜಲ-3 ಜಲಾನಯನ ಯೋಜನೆಯಲ್ಲಿ ಗದಗ ಜಿಲ್ಲೆಯೂ ಇತ್ತು. ಆಗ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆ ಹಾಗೂ ಕೃಷಿ ವಿ.ವಿ.ಗಳು ಸೇರಿ ಆಯ್ದ ಕಿರು ಜಲಾನಯನಗಳಲ್ಲಿ ಮಣ್ಣಿನ ಗುಂಡಿ ತೋಡಿ, 1:7,920 ಅಳತೆಯ ಗ್ರಾಮ ನಕ್ಷೆ ಮೇಲೆ ಭೂಸಂಪನ್ಮೂಲ ಸಮೀಕ್ಷೆ ಮಾಡಿದ್ವು. ಅಲ್ಲಿ ನಕ್ಷೆಯ ಒಂದು ಮಿಲಿಮೀಟರ್ ಅಂದ್ರೆ ಎಂಟು ಮೀಟರ್ ಕೂಡ ಇಲ್ಲ. ಸರ್ವೆ ನಂಬರ್ ಸಮೇತ ಕಾಣುತ್ತೆ. ಗುಂಡಿ ಓದಿದ ಅನುಭವ ಇರೋ ಜನ, ಆ ದಾಖಲೆ ಎರಡೂ ನಮ್ಮಲ್ಲೇ ಇವೆ. ಕೆರೆ ಗಡಿ ಕೆಲಸಕ್ಕೆ ಇವನ್ನ ಬಳಸಿಕೊಳ್ಳೋದು ಜಾಣತನ.

ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ, ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ ಇದೆ. ಗದಗಿನಲ್ಲೇ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇದೆ. ಕೃಷಿ, ಅರಣ್ಯ, ಸಣ್ಣ ನೀರಾವರಿ ಇಲಾಖೆಗಳಿಂದ ತಾಲೂಕಿಗೆ ಇಬ್ಬರು ಮೂವರನ್ನ, ಜೊತೆಗೆ ಒಬ್ಬ ಭೂಮಾಪಕರನ್ನ ಐದಾರು ದಿನ ಕೂರಿಸಿ ಕಲಿಸೋದು ದೊಡ್ಡ ಖರ್ಚೇನಲ್ಲ. ಎರಡು ದಿನ ಎರೆ ನೆಲದ ಕೆರೆ, ಎರಡು ದಿನ ಮಸಾರಿ ಕೆರೆ, ಒಂದು ದಿನ ಜವಳು ಹೊಲ. ಕೊನೆಗೆ ಒಂದು ಪರೀಕ್ಷೆ: ಒಂದೇ ಕೆರೆಗೆ ಇಬ್ಬರನ್ನ ಬೇರೆ ಬೇರೆ ಕಳಿಸಿ, ಇಬ್ಬರ ಗೆರೆಯೂ ಹತ್ತಿರ ಹತ್ತಿರ ಬಂತಾ ನೋಡೋದು. ಬರದಿದ್ರೆ ಇನ್ನೊಮ್ಮೆ ಕಲಿಸೋದು.

ನೀವು ಏನು ಕೇಳಬಹುದು?

ನಿಮ್ಮೂರ ಕೆರೆಗೆ ಸರ್ವೆಗೆ ಬಂದಾಗ ಸುಮ್ಮನೆ ನಿಂತು ನೋಡಬೇಡಿ. ಜಗಳವೂ ಬೇಡ. ಈ ನಾಲ್ಕು ಪ್ರಶ್ನೆ ಕೇಳಿ.

ಒಂದು, ಗುಂಡಿ ಎಲ್ಲೆಲ್ಲಿ ತೋಡಿದ್ರಿ, ಎಷ್ಟು ಆಳ? ಬರೀ ಮೊಬೈಲ್‌ನಲ್ಲಿ ಜಿಪಿಎಸ್ ಹಿಡಿದು ಏರಿ ಸುತ್ತಿದ್ರೆ ಸಾಲದು.

ಎರಡು, ಯಾವ ತಿಂಗಳು ಬಂದಿದ್ದೀರಿ, ಹೋದ ಹತ್ತು ವರ್ಷದಲ್ಲಿ ನೀರು ಎಲ್ಲಿಗೆ ಬಂದಿತ್ತು ಅಂತ ಊರಿನವರನ್ನ ಕೇಳಿದ್ರಾ? ಕೋಡಿ ಬಿದ್ದ ವರ್ಷ, ನೀರು ಮುಟ್ಟಿದ ಕಲ್ಲು, ಗುಡಿ ಮೆಟ್ಟಿಲು ಇವೆಲ್ಲ ಊರಿನ ಹಿರಿಯರಿಗೆ ನೆನಪಿರುತ್ತೆ. ಹಳೆ ಫೋಟೋ ಇದ್ರೆ ತಂದು ಕೊಡಿ.

ಮೂರು, ಈ ಹೊಲಕ್ಕೆ ಹೂಳು ಹಾಕಿದ್ದು, ಕಾಲುವೆ ಬಸಿಯೋದು ಬರೆದುಕೊಂಡ್ರಾ?

ನಾಲ್ಕು, ಕೊನೆಯ ಗೆರೆಯನ್ನ ಸರ್ವೆ ನಂಬರ್ ಸಮೇತ ಪಂಚಾಯ್ತಿ ಗೋಡೆಗೆ ಯಾವಾಗ ಹಚ್ತೀರಿ? ಗ್ರಾಮಸಭೆಯಲ್ಲಿ ಓದ್ತೀರಾ?

ಈ ಪ್ರಶ್ನೆ ಕೆರೆ ಉಳೀಬೇಕು ಅನ್ನೋರೂ ಕೇಳಬಹುದು, ನನ್ನ ಅಂಗಡಿ ಉಳೀಬೇಕು ಅನ್ನೋರೂ ಕೇಳಬಹುದು. ಸರಿಯಾದ ಗೆರೆ ಇಬ್ಬರಿಗೂ ಬೇಕು. ತಪ್ಪು ಗೆರೆ ಬಿದ್ರೆ ಇಬ್ಬರೂ ವರ್ಷಗಟ್ಟಲೆ ಕೋರ್ಟ್ ಅಲೀಬೇಕು, ಅಷ್ಟರಲ್ಲಿ ಕೆರೆ ಅಂಗಳಕ್ಕೆ ಮಣ್ಣು ತುಂಬಿ ಮುಗಿದಿರುತ್ತೆ. ಒಮ್ಮೆ ತುಂಬಿದ ಮೇಲೆ ಎಂಥ ವಿಜ್ಞಾನಿ ಬಂದ್ರೂ ಅಗೆದು ಓದೋಕೆ ಹಳೆ ನೆಲ ಸುಲಭಕ್ಕೆ ಸಿಗಲ್ಲ. ಕಲಿಸೋದಿದ್ರೆ ಈಗಲೇ ಕಲಿಸಬೇಕು, ಮುಂದಿನ ಮಳೆಗಾಲದೊಳಗೆ.