ಗೂಡಿನ ಹರಾಜು, ರೀಲರರ ಕಸುಬು



ಗೂಡಿಗೆ ಒಳ್ಳೆಯ ದರ ಬರಬೇಕಾದರೆ ಕೊಳ್ಳುವವರು ಹೆಚ್ಚಿರಬೇಕೆಂಬುದು ತಮಗೆ ಹೊಸ ಮಾತಲ್ಲ. ಆದರೆ ಅದೇ ಪೈಪೋಟಿ ನೂಲು ಬಿಚ್ಚುವ ಘಟಕದ ಒಳಗೂ ಕೆಲಸ ಮಾಡುತ್ತದೆಂಬುದರ ಕಡೆಗೆ ನಮ್ಮ ಗಮನ ಹೋಗಿರುವುದು ಕಡಿಮೆ.

ಕಚ್ಚಾ ರೇಷ್ಮೆಯ ದರ ಕಿಲೋಗೆ 4,000 ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಒಂದೇ ಬಗೆಯ ಮಿಶ್ರತಳಿ ಗೂಡು. ಒಬ್ಬ ರೀಲರು 8 ಕಿಲೋ ಗೂಡಿನಿಂದ ಒಂದು ಕಿಲೋ ನೂಲು ತೆಗೆಯುತ್ತಾರೆ. ಇನ್ನೊಬ್ಬರು ಗೂಡನ್ನು ಹದವಾಗಿ ಬೇಯಿಸಿ, ಎಳೆಯ ತುದಿ ಹಿಡಿಯುವಾಗ ಪೋಲು ಮಾಡದೆ, 7 ಕಿಲೋದಿಂದಲೇ ತೆಗೆಯುತ್ತಾರೆ. ಸೌದೆ, ಕೂಲಿ ಬದಿಗಿಟ್ಟರೆ ಕಿಲೋ ಗೂಡಿನಿಂದ ಮೊದಲನೆಯವರಿಗೆ ಹುಟ್ಟುವುದು 500 ರೂಪಾಯಿ, ಎರಡನೆಯವರಿಗೆ 571. ಇಬ್ಬರೂ ಒಂದೇ ಲಾಟಿಗೆ ಹರಾಜು ಕೂಗಿದರೆ ಮೊದಲನೆಯವರು ಸೋಲುವುದು ಖಂಡಿತ. ನಾಲ್ಕು ದಿನ ಗೂಡು ಸಿಗದಿದ್ದರೆ ತಮ್ಮ ಬೇಸಿನ್ನು, ಒಲೆ, ಆಳುಗಳ ಕೈಚಳಕ ಸರಿಪಡಿಸಿಕೊಳ್ಳದೆ ಅವರಿಗೆ ದಾರಿಯಿಲ್ಲ.

ಅದೇ ರೀಲರು ಮುಂಗಡ ಕೊಟ್ಟು ರೈತನನ್ನು ಕಟ್ಟಿಹಾಕಿದ್ದರೆ? ಅಥವಾ ನಾಲ್ಕು ಜನ ಒಳಗೊಳಗೇ ಮಾತಾಡಿಕೊಂಡು ದರ ಏರಿಸದಿದ್ದರೆ? ಆಗ ಅವರ ಪೋಲಿನ ವೆಚ್ಚವನ್ನು ತಾವು ಕಟ್ಟಿಕೊಡುತ್ತೀರಿ. ಒಲೆ ಹಾಗೆಯೇ ಹೊಗೆಯಾಡುತ್ತಿರುತ್ತದೆ.

ಗೂಡು ಕಾಯುವ ಮಾಲಲ್ಲ. ತಡವಾದರೆ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ. ಈ ಅವಸರವೇ ಮನೆ ಬಾಗಿಲಿಗೆ ಬಂದು ಕೊಳ್ಳುವವರ ಬಂಡವಾಳ. ರಾಮನಗರ, ಶಿಡ್ಲಘಟ್ಟಗಳ ಮಾರುಕಟ್ಟೆಯಲ್ಲಿ ಬಹಿರಂಗ ಹರಾಜಿನ ವ್ಯವಸ್ಥೆ ಇರುವುದು, ಅದಕ್ಕೆ 1959ರ ಕಾಯಿದೆಯ ಆಸರೆ ಇರುವುದು ಇದಕ್ಕಾಗಿಯೇ. ಬಾಡಿಗೆ ಉಳಿಯಿತೆಂದು ಹೊರಗೆ ಮಾರುವವರು ಮೇಲಿನ 71 ರೂಪಾಯಿಯನ್ನು ನೆನೆಯಲಿ.

ರೀಲರರ ಕಷ್ಟವನ್ನೂ ಹೇಳಬೇಕು. ಗೂಡಿನ ಹಣ ಕೂಡಲೇ ಕಟ್ಟಬೇಕು. ನೂಲಿನ ಹಣ ಕೈಸೇರಲು ದಿನ ಹಿಡಿಯುತ್ತದೆ. ಕಸುಬು ಬಲ್ಲ ಬಡ ಚರಕದವನು ಹಣವಿಲ್ಲದೆ ಹಿಂದೆ ಸರಿದರೆ ಹರಾಜಿನಲ್ಲಿ ಗೆಲ್ಲುವುದು ಕೈಚಳಕವಲ್ಲ, ಥೈಲಿ. ರೀಲರಿಗೆ ದುಡಿಮೆ ಬಂಡವಾಳದ ಸಾಲ ಸಿಕ್ಕರೆ ನಮಗೇನು ಎನ್ನುವವರುಂಟು. ಹರಾಜಿನಲ್ಲಿ ಇನ್ನೊಂದು ದನಿ ಹೆಚ್ಚುತ್ತದೆ, ಅದೇ ನಮಗೆ ಲಾಭ. ಬ್ಯಾಂಕುಗಳೂ ರೇಷ್ಮೆ ಇಲಾಖೆಯೂ ಇತ್ತ ನೋಡಬೇಕು.

ಇನ್ನು ತಮ್ಮ ಪಾಲಿನದು. ಜಲ್ಲಿ, ಜೋಡಿಗೂಡು, ಕಲೆಗೂಡುಗಳನ್ನು ಆರಿಸದೆ ಲಾಟಿಗೆ ಸುರಿದರೆ ಒಳ್ಳೆಯ ರೀಲರಿಗೂ ಎಷ್ಟು ನೂಲು ಬಂದೀತೆಂಬ ಅಂದಾಜು ಸಿಗದು. ಅವರು ಅತಿ ಕೆಟ್ಟದ್ದನ್ನೇ ಊಹಿಸಿ ಕೂಗುತ್ತಾರೆ. ಚಂದ್ರಿಕೆಯಿಂದ ಬಿಡಿಸುವಾಗಲೇ ಇವನ್ನು ಬೇರೆ ಚೀಲಕ್ಕೆ ಹಾಕಿ.