ಅಂಕಿಯ ಬೇರನ್ನು ಅರಸಿ

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಹಿರಿಯರ ಗಾದೆ. ಕಣ್ಣಾರೆ ಕಂಡುದಕ್ಕೇ ಇಷ್ಟು ಎಚ್ಚರ ಬೇಕಾದರೆ, ಇನ್ನೊಬ್ಬರು ಬರೆದುದನ್ನು ಓದಿ ನಂಬುವಾಗ ಇನ್ನೆಷ್ಟು ಎಚ್ಚರ ಬೇಕು! ಪರಿಸರವನ್ನು ಕುರಿತು ಪ್ರಬಂಧ ಬರೆಯುವ ವಿದ್ಯಾರ್ಥಿಗಳಿಗೆ ಈ ಎಚ್ಚರವನ್ನೇ ಒಂದು ಪಾಠವಾಗಿ ಕಲಿಸಬೇಕೆಂಬುದು ನನ್ನ ಅಭಿಪ್ರಾಯ.

ನಮ್ಮ ಊರಿನದೇ ಒಂದು ಉದಾಹರಣೆಯನ್ನು ನೋಡೋಣ. ಬೆಂಗಳೂರು, ದೆಹಲಿ, ಚೆನ್ನೈ, ಹೈದರಾಬಾದುಗಳೂ ಸೇರಿ 21 ನಗರಗಳಲ್ಲಿ 2020ರ ವೇಳೆಗೆ ಅಂತರ್ಜಲವು ಮುಗಿದುಹೋಗುವುದೆಂದು 2018ರಲ್ಲಿ ನೀತಿ ಆಯೋಗದ ವರದಿಯೊಂದು ಹೇಳಿತು. ಪತ್ರಿಕೆಗಳು ಅದನ್ನು ಎತ್ತಿ ಸಾರಿದುವು; ಭಾಷಣಗಳಲ್ಲಿಯೂ ಶಾಲೆಯ ಪ್ರಬಂಧಗಳಲ್ಲಿಯೂ ಆ ಮಾತು ಸೇರಿಕೊಂಡಿತು. 2019ರಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯು ಅದರ ಬೇರನ್ನು ಅರಸಿ ಹೊರಟಿತು. ವರದಿಯು ಹೆಸರಿಸಿದ್ದ ಹೊರಗಿನ ಆಕರಗಳಲ್ಲಿ ಅಂಥ ಭವಿಷ್ಯವು ದೊರೆಯಲಿಲ್ಲ. ಕೊನೆಗೆ ಕಂಡುಬಂದ ಆಧಾರವೆಂದರೆ ಕೇಂದ್ರ ಅಂತರ್ಜಲ ಮಂಡಲಿಯ ಜಿಲ್ಲಾವಾರು ಲೆಕ್ಕ. ಆ ಜಿಲ್ಲೆಗಳಲ್ಲಿ ವರ್ಷವರ್ಷವೂ ನೆಲಕ್ಕೆ ಇಂಗುವ ನೀರಿಗಿಂತ ಮೇಲೆತ್ತುವ ನೀರೇ ಹೆಚ್ಚೆಂದು ಅದು ತಿಳಿಸುತ್ತಿತ್ತು, ಅಷ್ಟೇ.

ಈ ಎರಡು ಮಾತುಗಳೂ ಒಂದೇ ಅಲ್ಲ. ಒಬ್ಬನ ವೆಚ್ಚವು ಆದಾಯವನ್ನು ಮೀರಿದೆಯೆಂದು ತಿಳಿದ ಮಾತ್ರಕ್ಕೆ, ಅವನ ಪೆಟ್ಟಿಗೆ ಎಂದು ಬರಿದಾಗುವುದೆಂದು ಹೇಳಲಾಗದು. ಪೆಟ್ಟಿಗೆಯಲ್ಲಿ ಎಷ್ಟಿದೆಯೆಂಬುದನ್ನೂ ಅರಿಯಬೇಕು.

2020 ಬಂದು ಹೋಯಿತು. ಬೆಂಗಳೂರಿನ ಅಂತರ್ಜಲವು ಮುಗಿಯಲಿಲ್ಲ. ಹಾಗಾದರೆ ಭಯವೇ ಸುಳ್ಳೇ? ಅಲ್ಲ. 2024ರ ಬೇಸಗೆಯಲ್ಲಿ ಕೃಷ್ಣರಾಜಪುರದ ಸುತ್ತಮುತ್ತ ಅನೇಕ ಕೊಳವೆಬಾವಿಗಳು ಬತ್ತಿಹೋಗಿ, ಜನರು ಟ್ಯಾಂಕರಿನ ದಾರಿ ಕಾದರು. ಅಪಾಯವು ನಿಜ, ಹೇಳಿದ ತಾರೀಖು ಮಾತ್ರ ನಿರಾಧಾರ. ತಾರೀಖು ತಪ್ಪಿತೆಂದು ನಕ್ಕು ಸುಮ್ಮನಾದವನಿಗೂ, ಅದನ್ನು ಕುರುಡಾಗಿ ನಂಬಿದವನಿಗೂ ನಿಜವಾದ ಅಪಾಯವು ಕಾಣಲಿಲ್ಲ. ಆಧಾರವಿಲ್ಲದ ಅಂಕಿಯಿಂದ ಆಗುವ ದೊಡ್ಡ ಕೇಡು ಇದೇ.

ಸರಿಯಾಗಿ ಅಳೆದ ಅಂಕಿಯನ್ನು ಓದುವುದಕ್ಕೂ ವಿವೇಕ ಬೇಕು. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುವು. ಮೀನು ಬದುಕುವ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕವು ಕರಗಿರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯ ಮಾನದಂಡ. ಆದರೆ ಪಾಚಿ ತುಂಬಿದ ಕೆರೆಯಲ್ಲಿ ಈ ಪ್ರಮಾಣವು ದಿನವಿಡೀ ಒಂದೇ ಸಮನಾಗಿರುವುದಿಲ್ಲ. ಬಿಸಿಲಿನಲ್ಲಿ ಪಾಚಿಯು ಆಮ್ಲಜನಕವನ್ನು ಬಿಡುತ್ತದೆ. ರಾತ್ರಿಯಲ್ಲಿ ಅದೂ ಮೀನೂ ಸೂಕ್ಷ್ಮಜೀವಿಗಳೂ ಅದನ್ನು ಬಳಸುವುದರಿಂದ, ನಸುಕಿನಲ್ಲಿ ಅದು ತೀರ ಕುಗ್ಗುತ್ತದೆ. ನಡುಮಧ್ಯಾಹ್ನ ತೆಗೆದ ನೀರು ಕೆರೆಯು ಸುಸ್ಥಿತಿಯಲ್ಲಿದೆಯೆಂದು ಸಾಕ್ಷಿ ನುಡಿಯಬಹುದು. ಮೀನುಗಳಾದರೋ ಬೆಳಗಾಗುವ ಮೊದಲೇ ಉಸಿರುಕಟ್ಟಿ ಸಾಯಬಹುದು. ಸ್ಥಳವನ್ನೂ ವೇಳೆಯನ್ನೂ ಹೇಳದ ಅಂಕಿಯು ಅರ್ಧಸತ್ಯ.

ಆದುದರಿಂದ ಪ್ರತಿಯೊಂದು ಅಂಕಿಯ ಮುಂದೆಯೂ ವಿದ್ಯಾರ್ಥಿಯು ಕೆಲವು ಪ್ರಶ್ನೆಗಳನ್ನಿಡಬೇಕು: ಇದನ್ನು ಅಳೆದವರು ಯಾರು? ಎಲ್ಲಿ, ಎಂದು, ಯಾವ ವಿಧಾನದಿಂದ? ಅಳೆಯಲು ಹಣ ಕೊಟ್ಟವರು ಯಾರು? ಬೇರೆಯವರು ಅಳೆದಾಗಲೂ ಇದೇ ಫಲ ಬಂದಿತೇ? ಪತ್ರಿಕೆಯ ಸುದ್ದಿಯನ್ನು ಓದಿ ಅಲ್ಲಿಗೇ ನಿಲ್ಲದೆ, ಅದು ಹೆಸರಿಸುವ ಮೂಲಕ್ಕೆ ಹೋಗಬೇಕು. ಅಂತರ್ಜಲ ಮಂಡಲಿಯ ವರದಿಗಳು, ಮಾಲಿನ್ಯ ನಿಯಂತ್ರಣ ಮಂಡಲಿಯ ಪರೀಕ್ಷಾಫಲಗಳು, ನಮ್ಮ ಕೆರೆಗಳನ್ನು ಕುರಿತು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಬರೆದ ಲೇಖನಗಳು—ಇವು ನಮಗೆ ದೂರದವಲ್ಲ.

ಅಧ್ಯಾಪಕರಲ್ಲಿ ನನ್ನದೊಂದು ಬಿನ್ನಹ. ಹತ್ತು ಅಂಕಿಗಳನ್ನು ನಕಲು ಮಾಡಿದ ಪ್ರಬಂಧಕ್ಕಿಂತ, ಒಂದೇ ಅಂಕಿಯ ಬೇರನ್ನು ಹುಡುಕಿ ತಂದ ಪ್ರಬಂಧಕ್ಕೆ ಹೆಚ್ಚು ಗುಣ ಕೊಡಿರಿ. ಹುಡುಕಿಯೂ ಬೇರು ಸಿಕ್ಕದಿದ್ದರೆ, ಹಾಗೆಂದು ಬರೆಯುವ ಧೈರ್ಯಕ್ಕೂ ಗುಣ ಕೊಡಿರಿ. ದಂಡಿನ ಪ್ರದೇಶದ ಶಾಲೆಗಳ ಮಕ್ಕಳಿಗೆ ಹಲಸೂರು ಕೆರೆಯು ಹತ್ತಿರದಲ್ಲಿಯೇ ಇದೆ. ಗ್ರಂಥದಲ್ಲಿ ಓದಿದ ಮಾತನ್ನು ಅದರ ದಡದಲ್ಲಿ ನಿಂತು ಪ್ರಮಾಣಿಸಿ ನೋಡಲಿ. ನಾಳೆ ಈ ನಗರದ ನೀರಿನ ವಿಷಯದಲ್ಲಿ ತೀರ್ಮಾನ ಮಾಡಬೇಕಾದವರು ಅವರೇ.